ಅಡಿಕೆ ಬಿಲ್ಲಿನ ಮೇಲಿನ ಎಂಟು ಅಂಕೆ

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ಸಂಜೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದದ್ದು.)

ನನ್ನ ಕೈಯಲ್ಲಿ ಒಂದು ಬಿಲ್ಲಿದೆ. ಅಡಿಕೆ ಕೊಟ್ಟು ಬರುವಾಗ ಸಿಗುವಂಥದ್ದೇ. ಹಳತು ಇಷ್ಟು ಕಿಲೋ, ಹೊಸತು ಇಷ್ಟು, ಪಟೋರ ಅನ್ನುವ ಕಡಿಮೆ ದರ್ಜೆಯದ್ದು ಇಷ್ಟು, ಗೋಣಿಯ ತೂಕ ಕಳೆದು ಇಷ್ಟು. ಎಲ್ಲರ ಕಣ್ಣು ಹೋಗುವುದು ಕೆಳಗಿನ ಮೊತ್ತಕ್ಕೆ. ನನ್ನದೂ ಅಲ್ಲಿಗೇ. ಆದರೆ ಇವತ್ತು ನಡುವಿನ ಒಂದು ಕಾಲಂ ನೋಡುವ. ‘ಎಚ್‌ಎಸ್‌ಎನ್’ ಅಂತ ಇದೆ, ವಸ್ತುವಿನ ಗುರುತಿನ ನಂಬರು, ಅದರ ಕೆಳಗೆ 08028010.

ಈ ಎಂಟು ಅಂಕೆಯಲ್ಲಿ ಕೊನೆಯ ಎರಡು ದೆಹಲಿಯದ್ದು, ಇಡೀ ಅಡಿಕೆಯೋ ಹೋಳೋ ಪುಡಿಯೋ ಅಂತ ಹೇಳಲಿಕ್ಕೆ. ಮೊದಲಿನ ಆರು ನಮ್ಮ ದೇಶದ್ದೇ ಅಲ್ಲ. ಅದು ಬ್ರಸೆಲ್ಸಿನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆಯ ಪಟ್ಟಿಯಿಂದ ಬಂದದ್ದು. ಬಂದರಿನಲ್ಲಿ ಇಳಿಯುವ ಪ್ರತಿ ವಸ್ತುವಿಗೂ ಅಲ್ಲಿ ಒಂದು ನಂಬರಿದೆ. 1988ರಿಂದ ಆ ಪಟ್ಟಿ ಜಾರಿಯಲ್ಲಿದೆ, ಇವತ್ತು ಹೆಚ್ಚುಕಡಿಮೆ ಇಡೀ ಜಗತ್ತೇ ಅದನ್ನು ಬಳಸುತ್ತದೆ. ಆದರೆ ಅದರಲ್ಲಿ ಅಡಿಕೆಗೆ ಸ್ವಂತ ನಂಬರು ಸಿಕ್ಕಿದ್ದು 2012ರಲ್ಲಿ. ಅಲ್ಲಿಯ ತನಕ ನಮ್ಮ ಅಡಿಕೆ ‘ಇತರ’ ಅನ್ನುವ ಸಾಲಿನಲ್ಲಿ ನಿಂತಿತ್ತು. ಮದುವೆಗೆ, ಕೋಲಕ್ಕೆ, ತಂಬಿಲಕ್ಕೆ, ಎಲ್ಲದಕ್ಕೂ ಮೊದಲು ಬೇಕಾಗುವ ವಸ್ತು ಅಲ್ಲಿ ‘ಇತರ’!

ನಂಬರು ಸುಮ್ನೆ ಗುರುತಿಗೆ ಅಂತ ತಿಳಿಯಬೇಡಿ. ನಮ್ಮ ಸರಕಾರ 0802ರ ಅಡಿಕೆಗೆ ಒಂದು ಬೇಲಿ ಹಾಕಿದೆ. ಶೇ. 100 ಆಮದು ಸುಂಕ, ಅದರ ಮೇಲೆ ಕನಿಷ್ಠ ಆಮದು ಬೆಲೆ. ಆ ಬೆಲೆ ಕಿಲೋಗೆ 251 ರೂಪಾಯಿ ಇತ್ತು, 2023ರ ಫೆಬ್ರವರಿಯಲ್ಲಿ 351 ಆಯಿತು. ಅದಕ್ಕಿಂತ ಅಗ್ಗದ್ದು ಒಳಗೆ ಬರುವ ಹಾಗಿಲ್ಲ. ಬೇಲಿ ಗಟ್ಟಿಯಾಯಿತು ಅಲ್ವಾ? ಆಗ ಆಮದುದಾರರು ಬೇಲಿ ಹಾರಲಿಲ್ಲ, ನಂಬರು ಬದಲಿಸಿದರು. ಇದು ಹುರಿದ ಅಡಿಕೆ, ಹುರಿದದ್ದು 0802 ಅಲ್ಲ, 2008 ಅನ್ನುವ ನಂಬರಿನದ್ದು, ಅದು ಆ ಪಟ್ಟಿಯ ಬೇರೆ ಅಧ್ಯಾಯ ಅಂತ ವಾದಿಸಿದರು. ಪುಸ್ತಕ ಬಿಡಿಸಿ ನೋಡಿದರೆ ವಾದದಲ್ಲಿ ಹುರುಳಿತ್ತು, ಗೆದ್ದರು ಕೂಡ. 2025ರಲ್ಲಿ ಸರಕಾರ ಹುರಿದದ್ದಕ್ಕೂ ಅದೇ 351ರ ಬೇಲಿ ಹಾಕಬೇಕಾಯಿತು. ನಾವು ಇಲ್ಲಿ ಅಂಗಳದಲ್ಲಿ ಮೋಡ ನೋಡಿಕೊಂಡು ಅಡಿಕೆ ಬಾಚುತ್ತಿದ್ದೆವು. ನಮ್ಮ ರೇಟು ಅಲ್ಲೆಲ್ಲೋ ಒಂದು ಪುಸ್ತಕದ ಯಾವ ಅಧ್ಯಾಯ ಅನ್ನುವುದರ ಮೇಲೆ ನಿಂತಿತ್ತು.

ಜಾಗತಿಕ ಆಡಳಿತ ಅಂತ ಈ ಸಭೆಯ ನೋಟಿಸಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದ್ದೀರಿ. ನನಗೆ ಅದು ಅರ್ಥ ಆಗುವುದು ಹೀಗೆ. ದೂರದಲ್ಲಿ ಒಂದು ಮೇಜು, ಅದರ ಸುತ್ತ ಕೆಲವು ಕುರ್ಚಿ, ಅಲ್ಲಿ ಬರೆದ ಅಂಕೆ ನಮ್ಮ ಅಂಗಳಕ್ಕೆ ಬಂದು ಬೀಳುತ್ತದೆ. ವಿಶ್ವ ವ್ಯವಸ್ಥೆ ಬದಲಾಗುತ್ತಿದೆ ಅನ್ನುತ್ತಾರಲ್ಲ, ಅಂದರೆ ಆ ಮೇಜುಗಳು ಅಲುಗಾಡುತ್ತಿವೆ.

ಮೊದಲು ನಮ್ಮ ಹತ್ತಿರದ ಒಂದು ಮೇಜಿನ ಕಥೆ ಹೇಳುತ್ತೇನೆ. ಎಪ್ಪತ್ತರ ದಶಕದ ಶುರುವಿನಲ್ಲಿ ಅಡಿಕೆ ಧಾರಣೆ ಪಾತಾಳಕ್ಕೆ ಇಳಿದಿತ್ತು. ಹಿರಿಯರಿಗೆ ನೆನಪಿರಬಹುದು, ಕೊಯ್ಲಿನ ಕೂಲಿ ಕೂಡ ಹುಟ್ಟದ ಕಾಲ. ಬೆಳೆ ನೋಡಿದರೆ ಎರಡು ರಾಜ್ಯದ್ದು, ತೋಟ ಕೇರಳದಲ್ಲಿ, ಮಂಡಿ ಮಂಗಳೂರಿನಲ್ಲಿ. ಭಾಷೆಯ ಜಗಳ, ಗಡಿಯ ಜಗಳ ಆಗ ಇನ್ನೂ ಬಿಸಿ ಬಿಸಿ, ಗಡಿಯ ಬಗ್ಗೆ ಮಹಾಜನ ವರದಿ ಬಂದು ಆರೇ ವರ್ಷ. ಅಂಥ ಹೊತ್ತಿನಲ್ಲಿ, 1973ರ ಜುಲೈಯಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕ್ಯಾಂಪ್ಕೊ ಹುಟ್ಟಿತು, ಎರಡೂ ರಾಜ್ಯಕ್ಕೆ ಸೇರಿ ಅಡಿಕೆ ಬೆಳೆಗಾರರ ಒಂದು ಸಹಕಾರಿ ಸಂಸ್ಥೆ. ಕಾಸರಗೋಡು ಯಾರದ್ದು ಅನ್ನುವ ಪ್ರಶ್ನೆಯನ್ನು ಅದು ಬಿಡಿಸಲಿಲ್ಲ, ಬಿಡಿಸಲಿಕ್ಕೆ ಹೋಗಲೂ ಇಲ್ಲ. ತಕ್ಕಡಿ ಒಂದು ಅಂತ ಮಾಡಿತು, ಅಷ್ಟೇ. ಸಹಕಾರ ಆಗಬೇಕಾದರೆ ಮನಸ್ಸು ಒಂದಾಗಬೇಕು ಅಂತ ಭಾಷಣ ಮಾಡುತ್ತಾರೆ, ಸುಳ್ಳು. ಮನಸ್ಸು ಎರಡಾಗಿಯೇ ಇರಲಿ, ತಕ್ಕಡಿಯ ಬಗ್ಗೆ ತಕರಾರು ಇರಬಾರದು.

ನಾನು ಮೂವತ್ತೊಂದು ವರ್ಷ ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ನಮ್ಮಲ್ಲಿ ಒಂದು ನಿಯಮ ನಿಮಗೆಲ್ಲ ಗೊತ್ತು, ಒಬ್ಬ ಸದಸ್ಯನಿಗೆ ಒಂದು ವೋಟು. ನೂರು ಶೇರು ಇದ್ದವನಿಗೂ ಒಂದು, ಒಂದು ಶೇರು ಇದ್ದವಳಿಗೂ ಒಂದು. ಐಎಂಎಫ್‌ನಲ್ಲಿ, ಅಂದರೆ ದೇಶಗಳಿಗೆ ಸಾಲ ಕೊಡುವ ಅಂತಾರಾಷ್ಟ್ರೀಯ ಹಣಕಾಸು ನಿಧಿಯಲ್ಲಿ, ಹಾಗಲ್ಲ. ಅಲ್ಲಿ ಹಣ ಇದ್ದಷ್ಟು ವೋಟು. ಅಮೆರಿಕದ ಹತ್ತಿರ ಸುಮಾರು ಶೇ. 16.5 ವೋಟಿದೆ, ಭಾರತದ ಹತ್ತಿರ ಶೇ. 2.6ರ ಆಸುಪಾಸು. ದೊಡ್ಡ ತೀರ್ಮಾನ ಆಗಬೇಕಾದರೆ ಶೇ. 85 ವೋಟು ಬೇಕು. ಲೆಕ್ಕ ಹಾಕಿ. ಉಳಿದ ಇಡೀ ಜಗತ್ತು ಒಟ್ಟಾಗಿ ಕೈ ಎತ್ತಿದರೂ 85 ಮುಟ್ಟುವುದಿಲ್ಲ, ಅಮೆರಿಕ ಕೈ ಕಟ್ಟಿ ಕೂತರೆ ಸಾಕು. ಈ ಪಾಲನ್ನು ಸ್ವಲ್ಪ ಸರಿಮಾಡುವ ಅಂತ 2010ರಲ್ಲಿ ಒಪ್ಪಂದ ಆಯಿತು. ಜಾರಿಗೆ ಬಂದದ್ದು 2016ರ ಜನವರಿಯಲ್ಲಿ, ಅಮೆರಿಕದ ಸಂಸತ್ತು ಅಷ್ಟು ದಿನ ಕಾಯಿಸಿತು.

ಶುರುವಿನಿಂದಲೇ ಹಾಗೆ. 1944ರ ಜುಲೈಯಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಅನ್ನುವ ಜಾಗದ ಒಂದು ಹೋಟೆಲಿನಲ್ಲಿ 44 ದೇಶದವರು ಸೇರಿದರು, ಐಎಂಎಫ್ ರೂಪುಗೊಂಡದ್ದು ಆ ಸಭೆಯಲ್ಲಿ. ಯುದ್ಧ ಇನ್ನೂ ಮುಗಿದಿರಲಿಲ್ಲ. ಭಾರತದ ತಂಡವೂ ಹೋಗಿತ್ತು. ಸ್ವಾತಂತ್ರ್ಯ ಬಂದಿರಲಿಲ್ಲ, ಹಾಗಾಗಿ ಮುಖ್ಯಸ್ಥ ಒಬ್ಬ ಇಂಗ್ಲಿಷ್ ಅಧಿಕಾರಿ. ಜೊತೆಗೆ ಸಿ. ಡಿ. ದೇಶಮುಖ್, ಷಣ್ಮುಖಂ ಚೆಟ್ಟಿ, ಎ. ಡಿ. ಶ್ರಾಫ್. ಯುದ್ಧದ ಖರ್ಚಿನ ಬಾಬ್ತು ಬ್ರಿಟನ್ ನಮಗೇ ದೊಡ್ಡ ಮೊತ್ತ ಕೊಡಲಿಕ್ಕಿತ್ತು, ಆ ಬಾಕಿಯ ಮಾತು ಇಲ್ಲಿ ಆಗಲಿ ಅಂತ ನಮ್ಮವರು ಕೇಳಿದರು. ಅದು ನಿಮ್ಮಿಬ್ಬರ ವ್ಯವಹಾರ, ಇಲ್ಲಿ ಬೇಡ ಅಂದರು. ಸಾಲ ಕೊಟ್ಟವನಿಗೇ ಬಾಯಿ ಮುಚ್ಚು ಅನ್ನುವ ಸಭೆ! ಆದರೆ ಒಂದು ಅದೃಷ್ಟ ನೋಡಿ. ಪಾಲು ಹಂಚುವಾಗ ನಮ್ಮದು ಆರನೇ ಜಾಗ, ಮೊದಲ ಐದಕ್ಕೆ ಮಾತ್ರ ಖಾಯಂ ನಿರ್ದೇಶಕರ ಕುರ್ಚಿ. ರಷ್ಯಾ ಕೊನೆಗೆ ಸೇರಲೇ ಇಲ್ಲ, ಆ ಕುರ್ಚಿ ಭಾರತಕ್ಕೆ ಬಂತು.

1991ರಲ್ಲಿ ಅದೇ ಐಎಂಎಫ್‌ನ ಬಾಗಿಲಿಗೆ ಹೋದೆವು. ಡಾಲರು ಖಾಲಿ, ಕೆಲವೇ ವಾರದ ಆಮದಿಗೆ ಸಾಕಾಗುವಷ್ಟು. ಆ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಕಳಿಸಿ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲೂ ಬ್ಯಾಂಕ್ ಆಫ್ ಜಪಾನಿನಲ್ಲೂ ಅಡವಿಟ್ಟಿತು. ಆ ಸುದ್ದಿ ಪೇಪರಿನಲ್ಲಿ ಬಂದ ದಿನ ನಾನು ಕೌಂಟರಿನಲ್ಲಿದ್ದೆ. ಎದುರಿಗೆ ಒಬ್ಬರು ಹೆಂಗಸು, ಮಗಳ ಕಾಲೇಜು ಫೀಸಿಗೆ ಎರಡು ಬಳೆ ತಂದಿದ್ದರು. ನಮ್ಮ ಅಪ್ರೈಸರ್ ಬಳೆಯನ್ನು ಒರೆಗೆ ಉಜ್ಜುತ್ತಾ, “ಅಕ್ಕಾ, ಬೇಜಾರು ಮಾಡಬೇಡಿ, ಇವತ್ತು ದೇಶವೂ ಇದೇ ಕೆಲಸಕ್ಕೆ ಹೊರಟಿದೆ” ಅಂದರು. ಆ ಹೆಂಗಸು ನಗಲಿಲ್ಲ. “ಬಿಡಿಸಿಕೊಳ್ತದಾ?” ಅಂತ ಕೇಳಿದರು. ಬಿಡಿಸಿಕೊಂಡಿತು. 2009ರಲ್ಲಿ ಐಎಂಎಫ್ ತನ್ನ ಚಿನ್ನ ಮಾರಲು ಹೊರಟಾಗ 200 ಟನ್ ಕೊಂಡದ್ದು ಇದೇ ರಿಸರ್ವ್ ಬ್ಯಾಂಕು. ಆ ಹೆಂಗಸಿನ ಬಳೆ ಬಿಡಿಸಲಿಕ್ಕೆ ಮಾತ್ರ ನಾಲ್ಕು ವರ್ಷ ಹಿಡಿಯಿತು.

ಈಗ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ವಿಷಯ. ನಮ್ಮ ಊರಿನಲ್ಲಿ ನಿಂತು ಜಾಗತಿಕ ಒಪ್ಪಂದದ ಬಗ್ಗೆ ಮಾತಾಡುವವನು ಅದನ್ನು ಬಿಟ್ಟು ಮಾತಾಡಿದರೆ ನೀವು ಎದ್ದು ಹೋಗಬೇಕು.

ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ 20 ವರ್ಷಕ್ಕೂ ಜಾಸ್ತಿ ಸಿಂಪಡಿಸಿದ್ದು, ಎಣ್ಮಕಜೆ, ಪಡ್ರೆ, ಸ್ವರ್ಗದ ಮನೆಗಳಲ್ಲಿ ಹುಟ್ಟಿದ ಮಕ್ಕಳು, ಇದನ್ನೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಕೂತವರಲ್ಲಿ ಎಷ್ಟೋ ಮಂದಿಯ ಮನೆಯ ವಿಷಯ. ನಾನು ಹೇಳಬೇಕಾದದ್ದು ಮೇಜಿನ ಕಥೆ. ಬಹುಕಾಲ ಮಣ್ಣಿನಲ್ಲೂ ಮೈಯಲ್ಲೂ ಉಳಿಯುವ ವಿಷಗಳನ್ನು ನಿಲ್ಲಿಸಲಿಕ್ಕೆ ಸ್ಟಾಕ್‌ಹೋಮ್ ಒಪ್ಪಂದ ಅಂತ ಒಂದಿದೆ. 2001ರದ್ದು, ಭಾರತ ಸೇರಿದ್ದು 2006ರಲ್ಲಿ. ಎಂಡೋಸಲ್ಫಾನನ್ನು ಆ ಪಟ್ಟಿಗೆ ಸೇರಿಸಬೇಕು ಅಂತ ಪ್ರಸ್ತಾಪ ಬಂದಾಗ ವಿರೋಧಿಸಿದ್ದು ಯಾರು? ಭಾರತ. ಆಗ ನಮ್ಮ ದೇಶ ಅದರ ದೊಡ್ಡ ಉತ್ಪಾದಕ. ರೈತರಿಗೆ ಬದಲಿ ಔಷಧಿ ದುಬಾರಿ ಆಗುತ್ತದೆ ಅನ್ನುವ ವಾದವೂ ಇತ್ತು, ಅದು ಪೂರಾ ಸುಳ್ಳು ಅಂತ ನಾನು ಹೇಳುವುದಿಲ್ಲ.

2011ರ ಏಪ್ರಿಲ್ ಕೊನೆಯ ವಾರ ಜಿನೇವಾದಲ್ಲಿ ಸಭೆ. ಇಲ್ಲಿ ಮುಖ್ಯಮಂತ್ರಿ ಅಚ್ಯುತಾನಂದನ್ ತಿರುವನಂತಪುರದಲ್ಲಿ ಒಂದು ದಿನ ಉಪವಾಸ ಕೂತರು. ಅಲ್ಲಿ ಭಾರತ ಅನ್ನುವ ಬೋರ್ಡು ಇಟ್ಟ ಕುರ್ಚಿಯಿಂದ ನಮ್ಮ ಜಿಲ್ಲೆಗೆ ಬೇಕಾದದ್ದರ ಉಲ್ಟಾ ಮಾತು ಬರುತ್ತಿತ್ತು. ನಮ್ಮ ಮಾತು ಬಂದದ್ದು ಬೇರೆ ದೇಶಗಳ ಬಾಯಿಯಿಂದ. ಕೊನೆಗೆ ಕೆಲವು ಬೆಳೆಗಳಿಗೆ ಕೆಲವು ವರ್ಷದ ವಿನಾಯಿತಿ ಪಡೆದು ಭಾರತವೂ ಒಪ್ಪಿತು, ಎಂಡೋಸಲ್ಫಾನ್ ಪಟ್ಟಿ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೇ ತಡೆ ಹಾಕಿತು.

ಇದು ನನ್ನ ತಲೆಯಲ್ಲಿ ಕೂತು ಬಿಟ್ಟಿದೆ. ದೇಶಕ್ಕೆ ಕುರ್ಚಿ ಸಿಕ್ಕಿದರೆ ನಮಗೆ ಸಿಕ್ಕಿದ ಹಾಗೆ ಅಂತ ಲೆಕ್ಕ ಹಾಕುತ್ತೇವೆ. ಭದ್ರತಾ ಮಂಡಳಿಯಲ್ಲಿ ಖಾಯಂ ಸ್ಥಾನ, ಐಎಂಎಫ್‌ನಲ್ಲಿ ಜಾಸ್ತಿ ಪಾಲು, ಆಗಲಿ, ಬೇಕು. ಆದರೆ ಆ ಕುರ್ಚಿಯಲ್ಲಿ ಕೂತವರು ಪಡ್ರೆಯ ಮಾತು ಆಡುತ್ತಾರೋ ಕಾರ್ಖಾನೆಯ ಮಾತು ಆಡುತ್ತಾರೋ ಅನ್ನುವುದು ಬೇರೆಯೇ ಜಗಳ. ಅದನ್ನು ಜಿನೇವಾದಲ್ಲಿ ಆಡಲಿಕ್ಕೆ ಆಗುವುದಿಲ್ಲ, ಇಲ್ಲೇ ಆಡಬೇಕು. ಎರಡು ಸಾವಿರದ ಒಂಬತ್ತರ ಗಾಂಧಿ ಜಯಂತಿಯ ದಿನ ಆಗ್ನೇಯ ಏಷ್ಯಾದ ದೇಶಗಳ ಜೊತೆ ಮಾಡಿದ ಆಸಿಯಾನ್ ಮುಕ್ತ ವ್ಯಾಪಾರ ಒಪ್ಪಂದದ ವಿರುದ್ಧ ಕಾಸರಗೋಡಿನಿಂದ ತಿರುವನಂತಪುರದ ತನಕ ಮಾನವ ಸರಪಳಿ ಮಾಡಿದ್ದರು. ಕೈ ಹಿಡಿದು ನಿಂತವರು ಈ ಸಭೆಯಲ್ಲೂ ಇದ್ದೀರಿ. ಒಪ್ಪಂದ ನಿಲ್ಲಲಿಲ್ಲ, ಮರುವರ್ಷ ಜನವರಿಯಿಂದ ಜಾರಿಗೆ ಬಂತು, ಕಾಳುಮೆಣಸಿನ ಸುಂಕ ಶೇ. 70ರಿಂದ ಮೆಲ್ಲ ಮೆಲ್ಲ 50ಕ್ಕೆ ಇಳಿಸುವುದು ಅಂತ ಆಯಿತು. ಪೂರಾ ಸೊನ್ನೆ ಮಾಡದೆ ಕಾಳುಮೆಣಸನ್ನು ವಿಶೇಷ ಪಟ್ಟಿಯಲ್ಲಿ ಇಟ್ಟರಲ್ಲ, ಬೆಳೆಗಾರರು ಗಲಾಟೆ ಮಾಡುತ್ತಾರೆ ಅನ್ನುವ ಹೆದರಿಕೆಗೇ ಇಟ್ಟದ್ದು ಅಂತ ನನ್ನ ಅಂದಾಜು.

ಸರಿ, ಮೇಜು ಅಲುಗಾಡುವುದು ಅಂದೆನಲ್ಲ, ಅಲ್ಲಿಗೆ ಬರುವ. ಡಬ್ಲ್ಯುಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆ, ಹುಟ್ಟಿದ್ದು 1995ರ ಜನವರಿ 1ಕ್ಕೆ. ಅದರ ನಿಯಮಗಳನ್ನು ನಾವೆಲ್ಲ ಬೈದಿದ್ದೇವೆ, ಬೈಯುವಂಥದ್ದು ಬೇಕಾದಷ್ಟಿದೆ. ನಮ್ಮ ರೇಷನ್ ಅಕ್ಕಿಗೆ ಸರಕಾರ ಕೊಡುವ ಬೆಂಬಲ ಬೆಲೆ ಜಾಸ್ತಿಯೋ ಅಲ್ಲವೋ ಅಂತ ಇವತ್ತಿಗೂ 1986–88ರ ಬೆಲೆಗೆ ಹೋಲಿಸಿ ನೋಡುತ್ತಾರೆ. ಆಗ ಇಲ್ಲಿ ಚಹಾಕ್ಕೆ ಎಷ್ಟಿತ್ತು ನೆನಪು ಮಾಡಿಕೊಳ್ಳಿ! ಆದರೂ ಅಲ್ಲಿ ಒಂದು ಒಳ್ಳೆಯದಿತ್ತು. ಜಗಳ ಬಂದರೆ ಕೇಳಲಿಕ್ಕೆ ಜಾಗ ಇತ್ತು, ಮೇಲ್ಮನವಿಗೆ ಏಳು ಜನರ ಪೀಠ. ಸಣ್ಣ ದೇಶವೂ ಅಮೆರಿಕದ ಮೇಲೆ ಕೇಸು ಹಾಕಿ ಗೆಲ್ಲಬಹುದಿತ್ತು, ಗೆದ್ದದ್ದೂ ಉಂಟು. ಒಂದು ಕೇಸಿಗೆ ಮೂರು ಜನ ಬೇಕು. ಅಮೆರಿಕ ಹೊಸಬರ ನೇಮಕಕ್ಕೆ ಒಪ್ಪುವುದನ್ನೇ ನಿಲ್ಲಿಸಿತು. ಒಬ್ಬೊಬ್ಬರದೇ ಅವಧಿ ಮುಗಿದು 2019ರ ಡಿಸೆಂಬರ್ 11ಕ್ಕೆ ಒಬ್ಬರೇ ಉಳಿದರು. ಪೀಠ ನಿಂತಿತು.

ಈಗ ಏನಾಗುತ್ತದೆ ಗೊತ್ತಾ? ಕೆಳಗಿನ ಹಂತದಲ್ಲಿ ಸೋತ ದೇಶ ಮೇಲ್ಮನವಿ ಹಾಕುತ್ತದೆ. ಕೇಳುವವರಿಲ್ಲದ ಕಾರಣ ತೀರ್ಪು ಜಾರಿ ಆಗುವುದಿಲ್ಲ. ಬೀಗ ಹಾಕಿದ ಕಚೇರಿಯ ಬಾಗಿಲ ಅಡಿಯಿಂದ ಅರ್ಜಿ ತಳ್ಳಿ ಬಂದ ಹಾಗೆ. ಅಮೆರಿಕವನ್ನು ಬೈಯುವ ಮೊದಲು ಇದನ್ನೂ ಕೇಳಿ. ಸಕ್ಕರೆ ಕೇಸಿನಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಸೇರಿ ನಮ್ಮ ಮೇಲೆ ಗೆದ್ದಾಗ ನಾವೂ ಅದೇ ಬಾಗಿಲ ಅಡಿಯಿಂದ ಅರ್ಜಿ ತಳ್ಳಿ ಬಂದೆವು.

ತೀರ್ಪು ಹೇಳುವವರಿಲ್ಲದಿದ್ದರೆ ಏನು ನಷ್ಟ ಅಂತ ನಮಗೆ ಬೇರೆಯವರು ಹೇಳಬೇಕಾ? 2020ರ ಮಾರ್ಚ್ ನೆನಪಿದೆಯಲ್ಲ. ಕೊರೊನಾ ಅಂತ ತಲಪಾಡಿಯ ಗಡಿಯಲ್ಲಿ ಕರ್ನಾಟಕ ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ನಮಗೆ ಆಸ್ಪತ್ರೆ ಅಂದರೆ ಮಂಗಳೂರು. ಡಯಾಲಿಸಿಸ್‌ನವರು, ಬಾಣಂತಿಯರು, ಹೃದಯದ ಕಾಯಿಲೆಯವರು ಆಂಬುಲೆನ್ಸಿನಲ್ಲಿ ಮಣ್ಣಿನ ರಾಶಿಯ ಎದುರಿನಿಂದ ತಿರುಗಿ ಬಂದರು. ಕೆಲವರು ಬದುಕಲಿಲ್ಲ. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ತೆರೆಸಿ ಅಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಒಂದು ಏರ್ಪಾಡು ಆಯಿತು. ತಡ ಆಯಿತು, ಒಪ್ಪುತ್ತೇನೆ. ಆದರೆ ಎರಡು ರಾಜ್ಯದ ಮೇಲೆ ಒಂದು ಕೋರ್ಟು ಇತ್ತು. ಎರಡು ದೇಶದ ನಡುವೆ ಹೀಗಾದರೆ ಮಣ್ಣಿನ ರಾಶಿ ತೆಗೆಸುವವರು ಯಾರು? ಅದೇ ವರ್ಷ ಅಕ್ಟೋಬರಿನಲ್ಲಿ ಭಾರತವೂ ದಕ್ಷಿಣ ಆಫ್ರಿಕವೂ ಲಸಿಕೆಯ ಪೇಟೆಂಟ್ ಸ್ವಲ್ಪ ಕಾಲ ಸಡಿಲ ಮಾಡಿ ಅಂತ ಡಬ್ಲ್ಯುಟಿಒದಲ್ಲಿ ಕೇಳಿದವು. ತೀರ್ಮಾನ ಬಂದದ್ದು 2022ರ ಜೂನಿನಲ್ಲಿ, ಅದೂ ನೀರು ಬೆರೆಸಿದ್ದು. ಅಷ್ಟು ಹೊತ್ತಿಗೆ ನಾವೆಲ್ಲ ಎರಡೆರಡು ಚುಚ್ಚಿಸಿಕೊಂಡು ಆಗಿತ್ತು.

2025ರ ಆಗಸ್ಟ್ 27ರಿಂದ ನಮ್ಮ ಬಹಳಷ್ಟು ಸರಕಿಗೆ ಅಮೆರಿಕದಲ್ಲಿ ಶೇ. 50 ಸುಂಕ ಬಿದ್ದದ್ದು ಕೂಡ ಇದೇ ಕಥೆಯ ಮುಂದಿನ ಭಾಗ. ಅದು ಸರಿಯೋ ತಪ್ಪೋ ಅಂತ ಡಬ್ಲ್ಯುಟಿಒದಲ್ಲಿ ಕೊನೆಯ ಮಾತು ಹೇಳುವ ಪೀಠವೇ ಇರಲಿಲ್ಲ. ನಮ್ಮ ವ್ಯಾಪಾರಿಗಳು ಫೋನು ಹಿಡಿದು ವಾಷಿಂಗ್ಟನ್ನಿನಿಂದ ಮುಂದಿನ ಮಾತು ಏನು ಬರುತ್ತದೆ ಅಂತ ಕಾಯಬೇಕಾಯಿತು.

ಹಾಗಾದರೆ ಹೊಸ ಮೇಜು ಹಾಕುವ ಅಂತ ಹೊರಟವರಿದ್ದಾರೆ. ನನ್ನ ಭಾವ ಇಪ್ಪತ್ತೆರಡು ವರ್ಷ ದುಬೈಯಲ್ಲಿದ್ದು ಬಂದವರು. ವಾರಕ್ಕೊಂದು ಮೆಸೇಜು ಕಳಿಸುತ್ತಾರೆ, ಬ್ರಿಕ್ಸ್ ನೋಟು ಬಂತು, ಡಾಲರು ಮುಗಿಯಿತು ಅಂತ. ಭಾವಾ, ನಿಮ್ಮ ಆ ದಿರ್ಹಮ್ ಇಷ್ಟು ವರ್ಷ ಒಂದು ಡಾಲರಿಗೆ 3.6725 ಅಂತ ಕಟ್ಟಿ ಹಾಕಿದ್ದು, ಡಾಲರು ಮುಗಿದರೆ ಮೊದಲು ಸುಡುವುದು ನಿಮ್ಮ ಉಳಿತಾಯವೇ ಅಂದರೆ ಅವರಿಗೆ ಸಿಟ್ಟು. ಅಂಥ ನೋಟು ಯಾವುದೂ ಬಂದಿಲ್ಲ. ಬಂದದ್ದು ಒಂದು ಬ್ಯಾಂಕು, ಶಾಂಘೈಯಲ್ಲಿ. ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕ ಸೇರಿ ಬ್ರಿಕ್ಸ್ ಹೆಸರಿನಲ್ಲಿ ಕಟ್ಟಿದ ನ್ಯೂ ಡೆವಲಪ್‌ಮೆಂಟ್ ಬ್ಯಾಂಕು. ಕಟ್ಟಿದ ಆ ಐದು ದೇಶಕ್ಕೆ ಸಮಪಾಲು, ಒಬ್ಬರಿಗೂ ವಿಟೋ, ಅಂದರೆ ಒಬ್ಬರೇ ತಡೆಯುವ ಅಧಿಕಾರ, ಇಲ್ಲ. ಚೀನಾ ಎಷ್ಟೇ ದೊಡ್ಡದಾದರೂ ಅಲ್ಲಿ ದಕ್ಷಿಣ ಆಫ್ರಿಕದಷ್ಟೇ. ನಮ್ಮ ಸಹಕಾರಿ ಸಂಘಕ್ಕೆ ಹತ್ತಿರ ಬಂತು ಅಲ್ವಾ? ಅದರ ಮೊದಲ ಅಧ್ಯಕ್ಷರು ಯಾರು ಅಂತ ಕೇಳಿದರೆ ನಿಮಗೆ ಖುಷಿಯಾಗಬಹುದು, ಮಂಗಳೂರಿನಲ್ಲಿ ಹುಟ್ಟಿ ಸುರತ್ಕಲ್ಲಿನಲ್ಲಿ ಓದಿದ ಕೆ. ವಿ. ಕಾಮತರು.

ಕರಾವಳಿಯವರು ಇಂಥ ಕುರ್ಚಿಯಲ್ಲಿ ಕೂತದ್ದು ಅದು ಮೊದಲೇನಲ್ಲ. ಮಂಗಳೂರಿನಲ್ಲೇ ಹುಟ್ಟಿದ ಬೆನಗಲ್ ನರಸಿಂಗ ರಾಯರು 1950ರ ಜೂನಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. ಕೊರಿಯಾ ಯುದ್ಧ ಶುರುವಾದದ್ದು ಅದೇ ತಿಂಗಳು. ಕುರ್ಚಿ ಅವರದ್ದು, ವಿಟೋ ಬೇರೆ ಐದು ಜನರದ್ದು.

ಭಾವನ ಮೆಸೇಜಿಗೆ ನಕ್ಕರೂ, ಬೆಂಕಿಯಿಲ್ಲದೆ ಹೊಗೆ ಇಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾ ಹೊರದೇಶದಲ್ಲಿ ಇಟ್ಟಿದ್ದ ಸುಮಾರು 300 ಬಿಲಿಯನ್ ಡಾಲರನ್ನು ಪಶ್ಚಿಮದ ದೇಶಗಳು ಹಿಡಿದಿಟ್ಟವು. ಯುದ್ಧ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾಕರಿನ ಕೀಲಿ ತನ್ನ ಕೈಯಲ್ಲಿಲ್ಲ ಅಂತ ಎಲ್ಲ ದೇಶಕ್ಕೂ ಅವತ್ತು ಗೊತ್ತಾಯಿತು. 2024ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಇಂಗ್ಲೆಂಡಿನಲ್ಲಿದ್ದ ಚಿನ್ನದಲ್ಲಿ ಸುಮಾರು 100 ಟನ್ ಮನೆಗೆ ತಂದಿತು. ಬ್ಯಾಂಕಿನಲ್ಲಿ ಕೂತವನಿಗೆ ಇಂಥದ್ದು ಬೇಗ ತಿಳಿಯುತ್ತದೆ. ಜನ ಲಾಕರಿನಿಂದ ಚಿನ್ನ ತೆಗೆದು ಮನೆಗೆ ಒಯ್ಯಲು ಶುರು ಮಾಡಿದರೆ ಅವರು ಜಗಳಕ್ಕೆ ಬರುವುದಿಲ್ಲ, ರಿಜಿಸ್ಟರಿನಲ್ಲಿ ಸಹಿ ಹಾಕಿ ನಗುತ್ತಲೇ ಹೋಗುತ್ತಾರೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. ಕಾಲೇಜಿಗೆ ಹೋಗುವವಳು. “ಮಾವ, ಜಿನೇವಾದವರು ಎಂಡೋಸಲ್ಫಾನ್ ವಿಷ ಅಂದದ್ದನ್ನು ನಾವು ಒಪ್ಪಿದೆವು. ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಅಂತಲೂ ಹಾಗೆಯೇ ಹೊರಗಿನವರು ಹೇಳಿದ್ದಾರಲ್ಲ, ಅದನ್ನು ಯಾಕೆ ಪಿತೂರಿ ಅನ್ನುವುದು?” ಸಭೆಯಲ್ಲಿ ಸ್ವಲ್ಪ ಗುಜುಗುಜು ಆಯಿತು. ಹಿಂದಿನ ಬೆಂಚಿನಿಂದ ಒಬ್ಬರು ಅದು ತಂಬಾಕಿನಿಂದ ಅಂದರು.

ಅವಳು ಹೇಳಿದ್ದು ಸರಿ. ಫ್ರಾನ್ಸಿನ ಲಿಯೋನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. 2004ರಲ್ಲಿ ಅದು ಅಡಿಕೆಯನ್ನು, ತಂಬಾಕು ಸೇರಿಸದ ಅಡಿಕೆಯನ್ನೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿತು. ನಮ್ಮ ಪರ ಮಾತು ಬಂದರೆ ವಿಜ್ಞಾನ, ವಿರುದ್ಧ ಬಂದರೆ ಪಿತೂರಿ ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಎಲೆಯಡಿಕೆ ನಾನು ಬಿಟ್ಟು ಆರು ವರ್ಷ ಆಯಿತು, ಡಾಕ್ಟರು ಹೇಳಿ ಬಿಡಿಸಿದ್ದು. ಬೆಳೆಯುವುದನ್ನು ಬಿಟ್ಟಿಲ್ಲ. ಈ ಮಳೆಗಾಲ ಮಂಗಳಾ ತಳಿಯ ಎಂಬತ್ತು ಸಸಿ ನೆಟ್ಟಿದ್ದೇನೆ. ಫಲ ಬರಲಿಕ್ಕೆ ಕೆಲವು ವರ್ಷ ಬೇಕು. ನಡುವೆ ಕೊಕ್ಕೊ ಹಾಕಿದ್ದು ಅವಳ ಪ್ರಶ್ನೆಯ ಹೆದರಿಕೆಗೇ ಅಂತ ಅವಳಿಗೆ ಹೇಳಿದೆ.